ನಮ್ಮ ಮನೆಯ ಕೂಗು

ಅಕ್ಟೋಬರ್ 24

ಅಣ್ಣನನ್ನು ಆಸ್ಪತ್ರೆಯಿಂದ ಊರಿಗೆ ತಂದು ಜಗುಲಿಯ ಮಂಚದ ಮೇಲೆ ಮಲಗಿಸಿದ್ದಾಯಿತು. ಬಲಗೈ, ಬಲಗಾಲು ಇಲ್ಲವೆಂದೇ ಲೆಕ್ಕ. ಮಾತೂ ಹೋಗಿದೆ. ಬುದ್ಧಿ ಮಾತ್ರ ನೆಟ್ಟಗಿದೆ ಎಂದರು ಡಾಕ್ಟರು. ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ನನಗೆ ಗೊತ್ತಾಗಲಿಲ್ಲ. ಹನ್ನೆರಡು ದಿನದ ಹಿಂದೆ ಗುಡ್ಡದಲ್ಲಿ ಬೇಲಿ ಸರಿಮಾಡುತ್ತಿದ್ದವನು ಅಲ್ಲೇ ಬಿದ್ದನಂತೆ. ಸಂಜೆ ನಮ್ಮ ಮನೆಯಿಂದ ದನ ಕರೆಯುವ ಕೂಗು ಕೇಳಲಿಲ್ಲವಲ್ಲ ಎಂದು ಪಕ್ಕದ ಹಿಟ್ಟಿನ ಗಿರಣಿಯ ಅಕ್ಕ ಹುಡುಕಿಕೊಂಡು ಹೋಗದೇ ಇದ್ದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ನಲವತ್ತು ದಿನ ರಜೆ ಹಾಕಿ ಬಂದಿದ್ದೇನೆ. ಗಂಡ ತೀರಿಕೊಂಡಾಗಲೂ ಎರಡೇ ವಾರಕ್ಕೆ ಮೈಕಿನ ಮುಂದೆ ಕೂತವಳು ನಾನು. ಪೇಟೆಯ ಬಸ್ ನಿಲ್ದಾಣದಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂದು ಕೇಳಿಸುತ್ತದಲ್ಲ, ಆ ದನಿ ನನ್ನದು. ಇಪ್ಪತ್ತೆಂಟು ವರ್ಷದಿಂದ.

ಈ ಜನ ಇಲ್ಲಿ ಹೇಗೆ ಬದುಕುತ್ತಾರೋ. ದಿಂಬಿಗೂ ಸಗಣಿ ವಾಸನೆ. ಫೋನಿಗೆ ಸಿಗ್ನಲ್ ಬೇಕೆಂದರೆ ಗಿರಣಿಯ ಕಟ್ಟೆ ಹತ್ತಿ ನಿಲ್ಲಬೇಕು. ನಾನು ಹಾಸಿಗೆ ಬಿಡಿಸುವಷ್ಟರಲ್ಲಿ ಒಂದು ಕೋಳಿ ಬಂದು ಅದರ ಮೇಲೆ ಕೂತಿತ್ತು, ಓಡಿಸಿದರೆ ನನ್ನನ್ನೇ ಗದರಿಸಿತು. ಏಳು ಹಸುಗಳನ್ನು ಯಾರಿಗಾದರೂ ಒಪ್ಪಿಸಿ ಅಣ್ಣನನ್ನು ಪೇಟೆಗೆ ಕರೆದುಕೊಂಡು ಹೋಗಬೇಕು. ಅದಕ್ಕೆ ನಲವತ್ತು ದಿನ ಯಾಕೆ, ಹತ್ತು ಸಾಕು. ಇವತ್ತಿಗೆ ಒಂದು ಕಳೆಯಿತು.

ಅಕ್ಟೋಬರ್ 25

ಬೆಳಗ್ಗೆ ಗಿರಣಿಯಕ್ಕ ಬಂದು ಹಾಲು ಕರೆದುಕೊಟ್ಟು ಹಸುಗಳನ್ನು ಗುಡ್ಡಕ್ಕೆ ಅಟ್ಟಿದಳು. ಸಂಜೆಗೆ ಮಾತ್ರ, “ನೀನೇ ಕೂಗ್ಕೋ ತಾಯಿ, ಗಿರಣಿ ಮುಂದೆ ಜನ ನಿಂತಿದಾರೆ” ಅಂದುಬಿಟ್ಟಳು.

ಮರೆತೇ ಹೋಗಿತ್ತು. ಈ ಊರಿನ ದನಗಳೆಲ್ಲ ಹಗಲು ಒಂದೇ ಗುಡ್ಡದಲ್ಲಿ ಕಲೆತು ಮೇಯುತ್ತವೆ. ಸಂಜೆ ಒಂದೊಂದು ಮನೆಯವರೂ ತಮ್ಮ ಹಿತ್ತಿಲ ತುದಿಯಲ್ಲಿ ನಿಂತು ತಮ್ಮ ಮನೆಯ ಕೂಗು ಹಾಕಬೇಕು. ಗಿರಣಿಯವರದ್ದು ಉದ್ದ ಶಿಳ್ಳೆ. ಕೆಳಮನೆಯವರದ್ದು ನಾಲಿಗೆ ಹೊರಳಿಸಿ ಕುಟ್ಟಿದಂಥ ಸದ್ದು. ತಮ್ಮ ಕೂಗು ಕೇಳಿದ ದನಗಳು ಗುಂಪಿನಿಂದ ಬೇರೆಯಾಗಿ ಇಳಿದು ಬರುತ್ತವೆ, ಮಿಕ್ಕವು ತಲೆಯನ್ನೂ ಎತ್ತುವುದಿಲ್ಲ. ನಮ್ಮ ಮನೆಯದ್ದು ಅಪ್ಪನ ಕೂಗು. ಕೆಳಗಿನಿಂದ ಹೂಊ ಎಂದು ಎದ್ದು, ನಡುವೆ ಒಂದು ಕಡೆ ಒಡೆದು, ಆಮೇಲೆ ಮೇಲಕ್ಕೆ ಹೋಗಿ ‘ಬಾರೋ ಬಾ’ ಎಂದು ಮುಗಿಯುತ್ತದೆ. ಆ ಒಡಕು ಅಪ್ಪನ ಗಂಟಲಿನ ಕಾಯಿಲೆಯಿಂದ ಬಂದದ್ದು. ಅಣ್ಣನ ಗಂಟಲು ಚೆನ್ನಾಗಿಯೇ ಇತ್ತು. ಆದರೂ ಒಡಕಿಲ್ಲದೆ ಕೂಗಿದರೆ ಹಸು ಬರುವುದಿಲ್ಲವೆಂದು ಅದನ್ನೂ ಕಲಿತ.

ನಾನು ಹಿತ್ತಿಲ ತುದಿಯಲ್ಲಿ ನಿಂತು ಕೂಗಿದೆ. ಅಕ್ಷರ ಅಕ್ಷರ ಬಿಡಿಸಿ, ಸ್ಪಷ್ಟವಾಗಿ. ಏಳರಲ್ಲಿ ಒಂದೂ ತಿರುಗಿ ನೋಡಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದು ಇಷ್ಟು ದಿನ ಬಾಯಿಮಾತಿಗೆ ಅನ್ನುತ್ತಿದ್ದೆ. ಗಿರಣಿಯಕ್ಕ ಮೈತುಂಬ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು.

“ಏನೇ ಮೈಕಮ್ಮ, ಅದೇನು ಕೂಗೋ ರೀತಿ? ‘ದನಗಳ ಗಮನಕ್ಕೆ, ಕೊಟ್ಟಿಗೆಗೆ ಹೋಗುವ ಹಸುಗಳು ಎರಡನೇ ಅಂಕಣಕ್ಕೆ ಬರಬೇಕು’ ಅಂತೀಯಾ?”

ಗಿರಣಿ ಮುಂದೆ ನಿಂತವರೆಲ್ಲ ನಕ್ಕರು. ನಾನು ಕೋಲು ಹಿಡಿದು ಗುಡ್ಡ ಹತ್ತಿ ಒಂದೊಂದನ್ನೇ ಅಟ್ಟಿಕೊಂಡು ಬರುವಷ್ಟರಲ್ಲಿ ಚಪ್ಪಲಿ ಕಿತ್ತಿತ್ತು, ಮೊಣಕಾಲು ತರಚಿತ್ತು. ಅಣ್ಣ ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದ.

ಅಕ್ಟೋಬರ್ 29

ಹಸುಗಳಲ್ಲಿ ಜಗಳಗಂಟಿ ಎಂಬವಳು ಒದ್ದಳು. ಹಾಲು ಪೂರ್ತಿ ನೆಲಕ್ಕೆ. ಹೆಸರಿಟ್ಟವನಿಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ. ಅಣ್ಣನಿಗೆ ಗಂಜಿ ಚಮಚದಲ್ಲಿ ಕುಡಿಸುವುದಕ್ಕೆ ಒಂದು ಗಂಟೆ ಬೇಕು. ಕೂರಿಸಿಯೇ ಕುಡಿಸಬೇಕು, ಗಂಜಿ ತೆಳ್ಳಗಿರಬಾರದು. ಆರು ದಿನ.

ನವೆಂಬರ್ 2

ಇವತ್ತು ನಾನು ಮಾಡಿದ್ದನ್ನು ಬರೆಯಲೋ ಬೇಡವೋ ಎಂದು ಸಂಜೆಯಿಂದ ಯೋಚಿಸುತ್ತಿದ್ದೇನೆ.

ಗಿರಣಿಯಕ್ಕನ ಫೋನಿನಲ್ಲಿ ಅಣ್ಣನ ಕೂಗು ಇದೆ ಎಂದು ನಿನ್ನೆ ಗೊತ್ತಾಯಿತು. ದೂರದಲ್ಲಿರುವ ಮಗಳಿಗೆ ಕಳಿಸಲೆಂದು ಅವಳು ಸಂಜೆ ಹೊತ್ತಿನ ಊರಿನ ಸದ್ದನ್ನು ಯಾವತ್ತೋ ಹಿಡಿದಿಟ್ಟಿದ್ದಳಂತೆ. ಅದರಲ್ಲಿ ಶಿಳ್ಳೆ ಇದೆ, ಕೆಳಮನೆಯವರ ಕುಟ್ಟುವ ಸದ್ದಿದೆ, ಎಲ್ಲದರ ಮೇಲೆ ಅಣ್ಣ ಇದ್ದಾನೆ. ನನಗೆ ಎಂಥ ಖುಷಿಯಾಯಿತೆಂದರೆ, ಅಣ್ಣನ ದನಿ ಕೇಳಿಯೂ ಅಲ್ಲ, ಇನ್ನು ಗುಡ್ಡ ಹತ್ತುವ ಕೆಲಸ ತಪ್ಪಿತಲ್ಲ ಎಂದು. ಇಪ್ಪತ್ತೆಂಟು ವರ್ಷ ಮೈಕು ಸ್ಪೀಕರಿನ ನಡುವೆ ಬದುಕಿದವಳಿಗೆ ಬೇರೆ ಏನು ಹೊಳೆದೀತು. ಪೇಟೆಯಿಂದ ತಂದಿದ್ದ ಸಣ್ಣ ಸ್ಪೀಕರನ್ನು ಜಗುಲಿಯ ಕಂಬಕ್ಕೆ ಕಟ್ಟಿದೆ. ಅಣ್ಣನ ಮಂಚದ ತಲೆದೆಸೆಯಲ್ಲೇ. ಅಲ್ಲಿ ಮಾತ್ರ ಮೊಳೆ ಇತ್ತು.

ಐದೂವರೆಗೆ ಹಾಕಿದೆ.

ಹಸುಗಳು ಬಂದ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಇಪ್ಪತ್ತು ದಿನದಿಂದ ಆ ಕೂಗು ಕೇಳಿರದ ಅವು ಮೇಯುವುದನ್ನು ಬಿಟ್ಟು ಗುಡ್ಡದಿಂದ ಓಡಿಯೇ ಬಂದವು. ಕುಂಟಿ ಕೂಡ ಓಡಿದಳು. ಕೊಟ್ಟಿಗೆಗೆ ಹೋಗಲಿಲ್ಲ. ಹಿತ್ತಿಲ ಗೇಟು ಮುರಿದುಕೊಂಡು ದನಿ ಬಂದ ಕಡೆಗೇ, ಜಗುಲಿಗೇ ಬಂದು, ಅಣ್ಣನ ಮಂಚದ ಸುತ್ತ ನಿಂತವು. ಎಲ್ಲಕ್ಕಿಂತ ಹಿರಿಯಳು ದೊಡ್ಡಮ್ಮ. ಅವಳು ಮೂತಿ ತಂದು ಅಣ್ಣನ ಎದೆಯ ಮೇಲಿಟ್ಟು ಕಾದಳು. ಕರೆದವನು ಬೆನ್ನು ತಟ್ಟುತ್ತಾನೆ, ಏನಾದರೂ ಅನ್ನುತ್ತಾನೆ, ಅದು ಅವುಗಳಿಗೆ ರೂಢಿ.

ಅಣ್ಣ ಬಾಯಿ ತೆರೆದ. ಕತ್ತಿನ ನರ ಉಬ್ಬಿದವು. ಏನೂ ಬರಲಿಲ್ಲ. ಅವನ ತಲೆಯ ಮೇಲೆ ಸ್ಪೀಕರಿನಲ್ಲಿ ಅವನದೇ ದನಿ ಎರಡನೇ ಸಲ ಕೂಗಿತು. ನಾನು ಓಡಿ ಬಂದು ತಂತಿ ಕಿತ್ತೆ. ಅಷ್ಟರಲ್ಲಿ ಅವನು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಿದ್ದ.

ನವೆಂಬರ್ 3

ಅಣ್ಣ ಉಣ್ಣಲಿಲ್ಲ.

ನವೆಂಬರ್ 4

ಉಣ್ಣಲಿಲ್ಲ. ನೀರು ಮಾತ್ರ ಎರಡು ಚಮಚ. ನನ್ನ ಮುಖ ನೋಡುವುದಿಲ್ಲ.

ನವೆಂಬರ್ 5

ಗಿರಣಿಯಕ್ಕ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಬೈದಳು. ಹೀಗೆ ಬೈಯುವವರು ನನಗೆ ಯಾರೂ ಉಳಿದಿಲ್ಲವಾದ್ದರಿಂದ ಸುಮ್ಮನೆ ನಿಂತು ಕೇಳಿದೆ.

“ಬದುಕಿರೋನ ತಲೆ ಮೇಲೆ ಅವನ ದನಿ ತಗೊಂಡು ಹೋಗಿ ಕಟ್ತೀಯಲ್ಲೇ, ನಿನಗೇನು ಬುದ್ಧಿ ಮಂಕಾಗಿತ್ತಾ? ನಾನು ಫೋನ್ ಕೊಟ್ಟಿದ್ದು ನೀನು ಕೇಳ್ಕೊಂಡು ಕಲೀಲಿ ಅಂತ.”

“ಗೊತ್ತಾಗಲಿಲ್ಲ ಅಕ್ಕ.”

“ನಿನಗೆ ಯಾವತ್ತು ಏನು ಗೊತ್ತಾಗಿದೆ? ವರ್ಷಕ್ಕೆ ಎರಡು ಸಲ ಪೇಟೆಗೆ ಹೋಗ್ತಿದ್ದ ನಿಮ್ಮಣ್ಣ. ಯಾಕೆ ಗೊತ್ತಾ? ಬಸ್ ಸ್ಟ್ಯಾಂಡಲ್ಲಿ ಬೆಂಚಿನ ಮೇಲೆ ಕೂತು ನೀನು ಕೂಗೋದು ಕೇಳೋಕೆ. ಬೆಳಗ್ಗೆಯಿಂದ ಸಂಜೆವರೆಗೂ ಕೂತು ಕೊನೇ ಬಸ್ಸಿಗೆ ವಾಪಸ್ ಬರ್ತಿದ್ದ. ‘ಚೆನ್ನಾಗಿ ಕೂಗ್ತಾಳೆ ಅಕ್ಕ, ಒಂದ್ ಕಡೆನೂ ತಡವರಿಸಲ್ಲ’ ಅಂತಿದ್ದ.”

“ನನ್ನನ್ನ ಯಾಕೆ ನೋಡ್ತಿರಲಿಲ್ಲ?” ಎಂದು ಕೇಳಿದೆ. ಕೇಳಬಾರದಿತ್ತು. ಉತ್ತರ ನನಗೇ ಗೊತ್ತಿತ್ತು. 

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಹದಿನೆಂಟು ವರ್ಷದ ಹಿಂದೆ ಅಣ್ಣ ನಿಲ್ದಾಣದ ಆಫೀಸಿಗೇ ಬಂದಿದ್ದ, ಕೈಯಲ್ಲಿ ಬೆಣ್ಣೆಯ ಡಬ್ಬಿ. ಕಾಲಿಗೆ ಕೆಸರು. ನಾನೆಲ್ಲಿ ಎಂದು ಒಳಗೆ ಕಾಣದೆ ಬಾಗಿಲಿನಿಂದಲೇ ಊರಿನಲ್ಲಿ ಕೂಗುವಂತೆ ನನ್ನನ್ನು ಕೂಗಿದ. ಮೈಕು ಚಾಲೂ ಇತ್ತು. ಇಡೀ ನಿಲ್ದಾಣಕ್ಕೆ ಕೇಳಿಸಿತು. ಎಲ್ಲರೂ ನಕ್ಕರು. “ಯಾರಮ್ಮ ಅವರು?” ಎಂದು ಮೇಲಧಿಕಾರಿ ಕೇಳಿದ್ದಕ್ಕೆ ನಾನು, “ನಮ್ಮೂರ ಕಡೆಯವರು” ಎಂದೆ. ಅಣ್ಣ ಎಂದು ಹೇಳಲಿಲ್ಲ. ಅವನಿಗೆ ಕೇಳಿಸಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಬರ್ತೀನಮ್ಮ” ಎಂದು ಹೋದ. ಆಮೇಲೆ ಯಾವತ್ತೂ ಅದರ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಮರೆತಿದ್ದಾನೆ ಅಂದುಕೊಂಡಿದ್ದೆ. ಮರೆತವನು ಹೊರಗಿನ ಬೆಂಚಿನ ಮೇಲೆ ಕೂರುತ್ತಾನಾ?

ನವೆಂಬರ್ 6

ಬೆಳಗ್ಗೆ ಗಂಜಿ ತೆಗೆದುಕೊಂಡು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತೆ. ದೊಡ್ಡದಾಗಿ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: “ಅಣ್ಣ, ಅವತ್ತು ನಮ್ಮಣ್ಣ ಅಂತ ಹೇಳಬೇಕಿತ್ತು ನಾನು.” ಆಮೇಲೆ ಅಳು ಬಂತು. ಐವತ್ತು ವರ್ಷದ ಹೆಂಗಸು ಮೂಗು ಸೊರಸೊರ ಎನಿಸುತ್ತ ಅತ್ತೆ.

ಅವನು ಗೋಡೆಯಿಂದ ಮುಖ ತಿರುಗಿಸಿದ. ಆಮೇಲೆ ಎಡಗೈ ಚಾಚಿ ಎರಡು ಬೆರಳಿನಿಂದ ನನ್ನ ಗಂಟಲನ್ನು ಮುಟ್ಟಿದ. ಗುಡ್ಡದ ಕಡೆ ಕೈ ತೋರಿಸಿದ. ಮತ್ತೆ ಗಂಟಲು.

“ನಾನಾ? ನನ್ನ ಕೈಲಾಗಲ್ಲ ಅಣ್ಣ.”

ಮತ್ತೆ ಗಂಟಲು. ಈ ಸಲ ಸ್ವಲ್ಪ ಜೋರಾಗಿ.

ಅಲ್ಲೇ ಕೂತು ಕೂಗಿದೆ. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಅಣ್ಣ ನಕ್ಕ. ಅರ್ಧ ಮುಖದಲ್ಲಿ ಮಾತ್ರ ನಗು ಬರುತ್ತದೆ ಈಗ, ಮಿಕ್ಕರ್ಧ ಸುಮ್ಮನಿರುತ್ತದೆ. ಗಂಜಿ ಪೂರ್ತಿ ಕುಡಿದ.

ನವೆಂಬರ್ 11

ಒಡಕು ಬರುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ದನಿಯಲ್ಲಿದ್ದ ಅದೇ ಒಡಕನ್ನು ತೆಗೆಯುವುದಕ್ಕೆ ಎರಡು ವರ್ಷ ಹೆಣಗಿದ್ದೆ. ಕನ್ನಡಿಯ ಮುಂದೆ, ಬಾಯಿಗೆ ಬಟ್ಟೆ ಹಿಡಿದು, ಯಾರಿಗೂ ಕೇಳದ ಹಾಗೆ. ಆಗ ಹೋಗೆಂದರೆ ಹೋಗದೆ ಕಾಡಿದ್ದು ಈಗ ಬಾ ಎಂದರೆ ಬರುತ್ತಿಲ್ಲ. ಮಾಡಿದ್ದುಣ್ಣೋ ಮಹರಾಯ.

ಅಣ್ಣ ಕಲಿಸುವ ರೀತಿ ಹೀಗೆ: ಎಡಗೈಯನ್ನು ಕೆಳಗಿನಿಂದ ಮೆಲ್ಲಗೆ ಎತ್ತುತ್ತಾನೆ, ಒಂದು ಕಡೆ ಥಟ್ಟನೆ ಮುಷ್ಟಿ ಮಾಡುತ್ತಾನೆ, ಅಲ್ಲಿ ನಾನು ಉಸಿರು ಮುರಿಯಬೇಕು. ಆಮೇಲೆ ಕೈ ಬಿಡಿಸಿ ಮೇಲಕ್ಕೆ. ನಾನು ತಪ್ಪಿದರೆ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಾನೆ. ಚಿಕ್ಕಂದಿನಲ್ಲಿ ಅಪ್ಪ ಇಬ್ಬರನ್ನೂ ಬಂಡೆಯ ಮೇಲೆ ನಿಲ್ಲಿಸಿ ಕಲಿಸಿದಾಗ ನಾನೇ ಮೊದಲು ಕಲಿತಿದ್ದೆ. ಅಣ್ಣನಿಗೆ ಹೊಟ್ಟೆಕಿಚ್ಚು ಬಂದು ಎರಡು ದಿನ ಮಾತಾಡಿಸಿರಲಿಲ್ಲ.

ಆ ಬಂಡೆ ಅಲ್ಲೇ ಇದೆ. ಇವತ್ತು ಹೋಗಿ ನಿಂತು ನೋಡಿದೆ. ಅಲ್ಲಿಂದ ಊರಿನ ಹದಿನೇಳು ಮನೆಗಳೂ ಕಾಣುತ್ತವೆ, ಯಾರ ಹಿತ್ತಿಲಲ್ಲಿ ಯಾರ ಬಟ್ಟೆ ಒಣಗುತ್ತಿದೆ ಎಂಬುದೂ. ಹುಲ್ಲು ಸಂಜೆಯ ಬಿಸಿಲಿಗೆ ಒಂದು ವಾಸನೆ ಬಿಡುತ್ತದೆ. ಏನೆಂದು ಬರೆಯಲು ಗೊತ್ತಾಗುತ್ತಿಲ್ಲ, ಒಣಗುತ್ತಿರುವ ಹುಲ್ಲಿನ ವಾಸನೆ, ಅಷ್ಟೇ. ಅದಕ್ಕೆ ಯಾಕೆ ಅಷ್ಟು ಹೊತ್ತು ಅಲ್ಲಿ ನಿಂತೆನೋ.

ನವೆಂಬರ್ 15

ಬಂದವು!

ಏಳೂ ಬಂದವು. ದೊಡ್ಡಮ್ಮ ಮೊದಲು, ಜಗಳಗಂಟಿ ಕೊನೆಗೆ, ಅದೂ ದಾರಿಯಲ್ಲಿ ಎರಡು ಸಲ ನಿಂತು, ಬರಲೋ ಬೇಡವೋ ಎಂದು ಗತ್ತು ಮಾಡಿ. ನಾನು ಬೆನ್ನು ತಟ್ಟಿದೆ, “ಬಂದ್ಯಾ ನನ್ನ ತಾಯಿ” ಎಂದೆ. ಅಪ್ಪ ಹಾಗೇ ಅನ್ನುತ್ತಿದ್ದರು, ನೆನಪೇ ಇರಲಿಲ್ಲ, ಬಾಯಿಗೆ ತಾನಾಗಿ ಬಂತು. ಓಡಿ ಜಗುಲಿಗೆ ಬಂದರೆ ಅಣ್ಣ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದ. ಗಿರಣಿಯಕ್ಕ ಯಂತ್ರ ನಿಲ್ಲಿಸಿ ಬಂದು, “ಅಂತೂ ಹಿತ್ತಲ ಗಿಡ ಮದ್ದಾಯ್ತಲ್ಲೇ” ಎಂದಳು.

ಗಂಟಲು ಪೂರ್ತಿ ಹೋಗಿದೆ. ಆಮೇಲೆ ಗಿರಣಿಯ ಕಟ್ಟೆಯ ಮೇಲೆ ಆಫೀಸಿನ ಫೋನು ಎತ್ತಿದರೆ ಸಹೋದ್ಯೋಗಿ, “ಅವರಿಗೆ ಕೊಡ್ತೀರಾ?” ಎಂದು ನನ್ನನ್ನೇ ಕೇಳಿದಳು.

ನವೆಂಬರ್ 20

ನಾಲ್ಕೈದು ದಿನದಿಂದ ಬರೆಯಲು ಪುರಸೊತ್ತಿಲ್ಲ. ಹಿತ್ತಿಲ ಗೇಟು ರಿಪೇರಿ ಮಾಡಿದೆ, ಮೂರು ಹಲಗೆ ಹೊಸದು. ಕೊಟ್ಟಿಗೆಯ ನೆಲದಲ್ಲಿ ಗುಂಡಿ ಬಿದ್ದಿತ್ತು, ಕಲ್ಲು ತುಂಬಿಸಿದೆ. ಬರುವ ವರ್ಷ ಸೂರಿನ ಆ ಮೂಲೆಯನ್ನೂ ನೋಡಬೇಕು. ಚುಕ್ಕಿ ಗಬ್ಬವಾಗಿದ್ದಾಳೆ, ಫೆಬ್ರವರಿಗೆ ಕರು ಹಾಕುತ್ತಾಳೆಂದು ಗಿರಣಿಯಕ್ಕನ ಅಂದಾಜು.

ಸಂಜೆ ಹಾಲು ಕರೆಯುವಾಗ ಹಣೆಯನ್ನು ಹಸುವಿನ ಪಕ್ಕೆಗೆ ಒರಗಿಸಿಕೊಂಡರೆ ಅದರ ಹೊಟ್ಟೆಯೊಳಗಿನ ಸದ್ದೆಲ್ಲ ಕೇಳಿಸುತ್ತದೆ. ನಮ್ಮೂರಲ್ಲಿ ಆ ಹೊತ್ತಿಗೆ ಎಲ್ಲ ಮನೆಯ ಕೂಗೂ ಮುಗಿದು, ಗಿರಣಿಯೂ ನಿಂತು, ಪಾತ್ರೆಗೆ ಹಾಲು ಬೀಳುವ ಸದ್ದು ಮಾತ್ರ ಉಳಿದಿರುತ್ತದೆ. ಅಣ್ಣ ಅದನ್ನು ಕೇಳುತ್ತ ಮಲಗಿರುತ್ತಾನೆ. ಹಾಲು ಎಷ್ಟಾಯಿತೆಂದು ಸದ್ದಿನಲ್ಲೇ ಅವನಿಗೆ ತಿಳಿಯುತ್ತದೆ. ಕಡಿಮೆಯಾದರೆ ಹುಬ್ಬು ಗಂಟಿಕ್ಕುತ್ತಾನೆ.

ದಿನ ಎಣಿಸುವುದು ತಪ್ಪಿಹೋಗಿದೆ. ರಜೆಯನ್ನು ಮುಂದುವರಿಸಲು ಬರುತ್ತದೆಯೇ ಎಂದು ಆಫೀಸಿಗೆ ಕೇಳಬೇಕು. ಅಣ್ಣನ ಸಲುವಾಗಿ.

ನವೆಂಬರ್ 23, ಆಸ್ಪತ್ರೆ

ನಿನ್ನೆ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನೆತ್ತಿಗೇರಿತು. ಯಾವಾಗಲೂ ಹಾಗೆ ಸ್ವಲ್ಪ ಕೆಮ್ಮುತ್ತಿದ್ದ, ಇದೂ ಅಷ್ಟೇ ಅಂದುಕೊಂಡೆ. ನೋಡನೋಡುತ್ತಿದ್ದಂತೆ ತುಟಿ ನೀಲಿಯಾಯಿತು. ನಾನು ಹೇಗೆ ಕೂಗಿದೆನೋ ಗೊತ್ತಿಲ್ಲ, ಹದಿನೇಳು ಮನೆಯವರೂ ಓಡಿಬಂದರು. ಪಕ್ಕದೂರಿನ ದವಾಖಾನೆಯ ಕಾಂಪೌಂಡರ್ ಬೈಕಿನಲ್ಲಿ ಬಂದು ಬೆನ್ನು ಬಗ್ಗಿಸಿ ಏನೋ ಮಾಡಿ ಉಸಿರು ಬರಿಸಿದ. ಕೆಳಮನೆಯವರ ಜೀಪಿನಲ್ಲಿ ಇಲ್ಲಿಗೆ ಮುಟ್ಟಲು ಮೂರೂವರೆ ಗಂಟೆ. ದಾರಿಯುದ್ದಕ್ಕೂ ಅಣ್ಣನ ತಲೆ ನನ್ನ ತೊಡೆಯ ಮೇಲೆ. ಒಂದೊಂದು ತಿರುವಿನಲ್ಲೂ ಉಸಿರಿದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ.

ಡಾಕ್ಟರ್ ಹೇಳಿದರು, ನುಂಗುವ ಶಕ್ತಿ ಕುಗ್ಗುತ್ತಿದೆ, ಶ್ವಾಸಕೋಶಕ್ಕೆ ಇಳಿದಿದೆ, ಈ ಸಲ ಬದುಕಿದ್ದು ದೊಡ್ಡದು. “ಇನ್ಮೇಲೆ ಅರ್ಧ ಗಂಟೇಲಿ ಆಸ್ಪತ್ರೆ ಸಿಗೋ ಕಡೆನೇ ಇರಬೇಕು. ವಾರಕ್ಕೆ ಮೂರು ದಿನ ಇಲ್ಲಿಗೆ ಕರ್ಕೊಂಡು ಬರಬೇಕು. ಆ ಹಳ್ಳೀಲಿ ಇಟ್ಕೊಂಡ್ರೆ ಮುಂದಿನ ಸಲ ನಾನೇನೂ ಮಾಡೋಕಾಗಲ್ಲ ನೋಡಿ.”

ಆಯಿತು ಎಂದೆ. ಮೊದಲಿಂದ ನಾನು ಬಯಸಿದ್ದೂ ಅದೇ ತಾನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಕೂತೆ. 

ನವೆಂಬರ್ 27

ಐದು ದಿನ ಕೊಟ್ಟಿದ್ದಾರೆ, ಊರಿನದನ್ನೆಲ್ಲ ಮುಗಿಸಿಕೊಂಡು ಬರಲು. ಕಾಂಪೌಂಡರ್ ಹಗಲೆಲ್ಲ ಜೊತೆಯಲ್ಲೇ ಇರುತ್ತಾನೆ. ಅಣ್ಣನ ಮೂಗಿನಲ್ಲಿ ಈಗ ನಳಿಗೆ. ಅವನನ್ನು ಆಸ್ಪತ್ರೆಯಲ್ಲೇ ಬಿಟ್ಟು ನಾನೊಬ್ಬಳೇ ಬರುತ್ತೇನೆಂದರೆ ಎಡಗೈಯಲ್ಲಿ ಮಂಚದ ಕಂಬಿಯನ್ನು ಹಿಡಿದು ಅಲ್ಲಾಡಿಸಿದ. ಹಸುಗಳನ್ನು ನೋಡದೆ ಇವನು ಹೋಗುವುದಿಲ್ಲವೆಂದು ಡಾಕ್ಟರಿಗೂ ಅರ್ಥವಾಯಿತು.

ಸಂಜೆ ಮಂಚದ ಪಕ್ಕ ಕೂತು ಮಾತೆತ್ತಿದೆ. “ಅಣ್ಣ, ಹಸುಗಳು ಗಿರಣಿಯಕ್ಕನ ಹತ್ರ ಇರಲಿ. ನೀನು ಹುಷಾರಾದ ಮೇಲೆ ವಾಪಸ್ ಬರೋಣ. ನಾನೂ ಬರ್ತೀನಿ. ಇಲ್ಲೇ ಇದ್ದುಬಿಡ್ತೀನಿ. ನಿಜವಾಗ್ಲೂ.”

ಇಲ್ಲ ಎಂದು ತಲೆ ಆಡಿಸಿದ.

“ನಾನೇ ತಿಂಗಳಿಗೊಂದು ಸಲ ಬಂದು ಕೂಗಿ ಹೋಗ್ತೀನಿ. ನಮ್ಮ ಕೂಗು ಮರೀಬಾರದಲ್ಲ ಅವು.”

ಈ ಸಲ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು. ಗಿರಣಿಯಕ್ಕ ಬಾಗಿಲಲ್ಲಿ ನಿಂತಿದ್ದಳು. ಅವನ ಪರವಾಗಿ ಅವಳೇ ಹೇಳಿದಳು: “ದನಕ್ಕೆ ಎರಡು ಕೂಗು ಇರಬಾರದು ಕಣೇ. ಎರಡು ಕಡೆ ಕಿವಿಯಿಟ್ಟು ಮೇವು ಬಿಡ್ತವೆ. ಒಪ್ಪಿಸೋದಾದ್ರೆ ಪೂರ್ತಿ ಒಪ್ಪಿಸಬೇಕು.”

ಯಾರಿಗೆ ಎಂಬ ಪ್ರಶ್ನೆ ಬಂತು. ಗಿರಣಿಯಕ್ಕನಿಗೆ ಇರುವ ನಾಲ್ಕನ್ನೇ ನೋಡಿಕೊಳ್ಳಲು ಆಗುತ್ತಿಲ್ಲ. ಅವಳು ಒಬ್ಬೊಬ್ಬರ ಹೆಸರು ಹೇಳುತ್ತ ಹೋದಳು. ಕೆಳಮನೆಯವರು? ಇಲ್ಲ. ದನದ ದಲ್ಲಾಳಿ? ಅಣ್ಣ ಕಣ್ಣು ಮುಚ್ಚಿಕೊಂಡ. ಗುಡ್ಡದಾಚೆಯ ರಿಟೈರಾದ ಮೇಷ್ಟ್ರು? ಅಣ್ಣ ಕಣ್ಣು ತೆರೆದ. ಎಡಗೈ ಎತ್ತಿದ.

“ಸರಿ, ಮಕ್ಕಳಿಗೇ ಕೈ ಎತ್ತದೋರು ದನಕ್ಕೆ ಹೊಡೀತಾರಾ” ಎಂದಳು ಗಿರಣಿಯಕ್ಕ.

ನವೆಂಬರ್ 29

ಕೂಗು ಒಪ್ಪಿಸುವುದಕ್ಕೆ ಮೂರು ಸಂಜೆ ಬೇಕು. ಮೊದಲ ದಿನ ಕೊಡುವವರು ಮುಂದೆ, ಪಡೆಯುವವರು ಹಿಂದೆ. ಎರಡನೆಯ ದಿನ ಇಬ್ಬರೂ ಒಟ್ಟಿಗೆ. ಮೂರನೆಯ ದಿನ ಪಡೆಯುವವರು ಮಾತ್ರ ಕೂಗಬೇಕು, ಕೊಡುವವರು ಹಸುಗಳಿಗೆ ಕಾಣುವಂತೆ ನಿಂತು ಬಾಯಿ ಮುಚ್ಚಿಕೊಂಡಿರಬೇಕು. ಆ ದಿನ ಕೊಡುವವರು ಒಂದು ಸಲ ಕೂಗಿದರೂ ಮುಗಿಯಿತು. ಹಸುಗಳು ಆ ಮನೆಯಲ್ಲಿ ನಿಲ್ಲುವುದಿಲ್ಲ, ಹಗ್ಗ ಹರಿದುಕೊಂಡು ಹಳೆಯ ಕೊಟ್ಟಿಗೆಗೇ ಬರುತ್ತವೆ, ಯಾರೂ ಇಲ್ಲದ ಮನೆಯ ಮುಂದೆ ನಿಲ್ಲುತ್ತವೆ. ಮೊದಲು ಹೀಗೆ ಆದದ್ದುಂಟು. ಬಾಗಿಲು ಹಾಕಿದ ಮನೆಯ ಮುಂದೆ ನಿಂತು ನಿಂತು ಸೊರಗಿ ಸತ್ತ ಎಮ್ಮೆಯ ಕಥೆಯನ್ನು ಅಪ್ಪ ಹೇಳುತ್ತಿದ್ದರು.

ಅಣ್ಣನಿಗೆ ಆಗದು. ನಾನೇ ಒಪ್ಪಿಸಬೇಕು. ಇದಕ್ಕೆಂದೇ ನನ್ನ ಗಂಟಲು ಮುಟ್ಟಿದನೇ ಅವನು ಅವತ್ತು? ಕೇಳಲಿಲ್ಲ.

ಮೇಷ್ಟ್ರ ಮನೆ ಗುಡ್ಡದ ಆಚೆ ಮಗ್ಗುಲಿಗೆ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ನಾನು ಕೂಗಿದೆ. ಅವರು ನನ್ನ ಹಿಂದೆ ಹಾಜರಿ ಕರೆದ ಹಾಗೆ ಕೂಗಿದರು.

“ಮೇಷ್ಟ್ರೇ, ಅವು ‘ಬಂದೆ ಸಾರ್’ ಅನ್ನಲ್ಲ.”

“ಅಭ್ಯಾಸಬಲ ನೋಡಿ,” ಎಂದು ಕನ್ನಡಕ ಒರೆಸಿಕೊಂಡರು. “ನಲವತ್ತು ವರ್ಷ ಗದ್ದಲ ಮಾಡಬೇಡಿ ಅಂತ ಹೇಳಿಕೊಟ್ಟೋನು ನಾನು. ಈಗ ನಾನೇ ಮಾಡಬೇಕು.”

ಬಾಯಿ ಬಿಟ್ಟು ನಕ್ಕೆ. ಹಸುಗಳನ್ನು ಅವರ ಕೊಟ್ಟಿಗೆಗೆ ಕೂಡಿ ಬರುವಾಗ ಕತ್ತಲಾಗುತ್ತಿತ್ತು. ನಮ್ಮ ಕೊಟ್ಟಿಗೆಯ ಕಡೆ ನೋಡದೆ ಒಳಗೆ ಬಂದೆ.

ನವೆಂಬರ್ 30

ಮೇಷ್ಟ್ರಿಗೆ ಒಡಕು ಬಂತು. ಅವರಿಗೆ ದಮ್ಮಿನ ಕಾಯಿಲೆ ಇದೆಯಂತೆ, ಒಂದು ಕಡೆ ಉಸಿರು ಸಿಕ್ಕಿಕೊಂಡು ತಾನಾಗಿ ಒಡೆಯಿತು. ಅಪ್ಪನ ಹಾಗೇ. ಚುಕ್ಕಿ ಕಿವಿ ನೆಟ್ಟಗೆ ಮಾಡಿದಳು. ಮೇಷ್ಟ್ರು ಒಳ್ಳೆಯವರು. ಒಂದೊಂದು ಹಸುವಿಗೂ ಬೆಲ್ಲ ತಿನ್ನಿಸಿದರು, ಜಗಳಗಂಟಿ ಅವರ ಇಸ್ತ್ರಿ ಅಂಗಿಯನ್ನು ನೆಕ್ಕಿ ಹಾಳು ಮಾಡಿದಳು. ಅವರು ಕೆಟ್ಟವರಾಗಿದ್ದರೆ ನನಗೆ ಒಂದು ನೆಪವಾದರೂ ಸಿಗುತ್ತಿತ್ತು.

ನನಗೆ ಹೋಗಲು ಇಷ್ಟವಿಲ್ಲ. ಬರೆದೇಬಿಟ್ಟೆ. ಹದಿನೇಳಕ್ಕೆ ಈ ಊರು ಬಿಡುವಾಗ ತಿರುಗಿಯೂ ನೋಡಿರಲಿಲ್ಲ ನಾನು.

ಡಿಸೆಂಬರ್ 1

ಬಟ್ಟೆಬರೆ ಕಟ್ಟಿದ್ದಾಗಿದೆ. ನಾಳೆ ಬೆಳಗ್ಗೆ ಜೀಪು.

ಮಧ್ಯಾಹ್ನ ಗಿರಣಿಯ ಕೈಗಾಡಿಯ ಮೇಲೆ ಕುರ್ಚಿ ಕಟ್ಟಿ ಅಣ್ಣನನ್ನು ಕೂರಿಸಿ, ಕಾಂಪೌಂಡರ್, ನಾನು, ಗಿರಣಿಯಕ್ಕ ಮೂವರೂ ತಳ್ಳಿಕೊಂಡು ಗುಡ್ಡದ ಸುತ್ತಿನ ದಾರಿಯಲ್ಲಿ ಮೇಷ್ಟ್ರ ಮನೆಗೆ ಹೋದೆವು. ಅರ್ಧ ದಾರಿಗೆ ಅಣ್ಣ ಕೈ ಎತ್ತಿ ನಿಲ್ಲಿಸಿದ. ನಮ್ಮೂರು ಅಲ್ಲಿಂದ ಪೂರ್ತಿ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿ ಮುಂದೆ ಎಂದು ಕೈ ಮಾಡಿದ.

ಮೇಷ್ಟ್ರು ಅವರ ಬೇಲಿಯ ಒಳಗೆ ನಿಂತರು. ಅಣ್ಣನ ಕುರ್ಚಿಯನ್ನು ಗಾಡಿಯಿಂದ ಇಳಿಸಿ ಬೇಲಿಯ ಹೊರಗೆ, ದಾರಿಯ ಪಕ್ಕ ಇಟ್ಟೆವು. ನಾನು ಅದರ ಮುಂದೆ, ಅವನ ಕಾಲ ಬುಡದಲ್ಲಿ, ಹುಲ್ಲಿನ ಮೇಲೆ ಕೂತೆ. ಹಸುಗಳು ಗುಡ್ಡದ ಮೇಲಿಂದ ನಮ್ಮಿಬ್ಬರನ್ನೂ ನೋಡಿದವು.

ಮೇಷ್ಟ್ರು ಕೂಗಿದರು. ಒಡಕು ಸರಿಯಾದ ಜಾಗದಲ್ಲೇ ಬಂತು. ಹಸುಗಳು ಇಳಿಯತೊಡಗಿದವು. ದಾರಿಯ ಹತ್ತಿರ ಬಂದದ್ದೇ ದೊಡ್ಡಮ್ಮ ನಿಂತುಬಿಟ್ಟಳು. ಅವಳು ನಿಂತ ಮೇಲೆ ಆರೂ ನಿಂತವು. ಮೇಷ್ಟ್ರು ಮತ್ತೆ ಕೂಗಿದರು. ದೊಡ್ಡಮ್ಮ ಅವರ ಕಡೆ ನೋಡಲಿಲ್ಲ. ನಮ್ಮ ಕಡೆ ತಿರುಗಿ, ಕತ್ತು ಚಾಚಿ, ಕಾಯುತ್ತ ನಿಂತಳು. ಹತ್ತು ಹೆಜ್ಜೆ ಕೂಡ ದೂರವಿರಲಿಲ್ಲ. ಅವಳ ಮೂಗಿನ ಮೇಲಿನ ತೇವ ಕಾಣುತ್ತಿತ್ತು. ಮೇಷ್ಟ್ರು ಮೂರನೆಯ ಸಲ ಕೂಗಿದರು. ಅವಳು ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟಳು.

ನಾನು ಉಸಿರು ಎಳೆದುಕೊಂಡಿದ್ದು ನನಗೆ ಗೊತ್ತೇ ಇಲ್ಲ. ಬಾಯಿ ತೆರೆದಿದ್ದೂ ಗೊತ್ತಿಲ್ಲ. ಅಣ್ಣನಿಗೆ ಗೊತ್ತಾಯಿತು. ಹಿಂದಿನಿಂದ ಅವನ ಎಡಗೈ ಬಂದು ನನ್ನ ಬಾಯಿಯನ್ನು ಮುಚ್ಚಿತು. ಮೆಲ್ಲಗಲ್ಲ, ಹಲ್ಲಿಗೆ ತುಟಿ ಒತ್ತುವಷ್ಟು ಗಟ್ಟಿಯಾಗಿ. ಆ ಕೈಯೊಳಗೇ ನಾನು ಕೂಗಿದೆ. ಹೂಊ ಎಂದು ಕೆಳಗಿನಿಂದ ಎದ್ದದ್ದು ಅವನ ಅಂಗೈಗೆ ತಾಗಿ ಅಲ್ಲೇ ನಿಂತಿತು. ಆಚೆಗೆ ಒಂದಿಷ್ಟೂ ಹೋಗಲಿಲ್ಲ.  ನನ್ನ ತಲೆಗೆ ಅವನ ಮೊಣಕಾಲು ತಾಗಿತ್ತು. ಒಂದೇ ಸಮನೆ ದೊಡ್ಡಮ್ಮನನ್ನೇ ನೋಡುತ್ತ ಇಬ್ಬರೂ ಹಾಗೆಯೇ ಕೂತಿದ್ದೆವು.

ಮೇಷ್ಟ್ರು ನಾಲ್ಕನೆಯ ಸಲ ಕೂಗಿದರು. ದೊಡ್ಡಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಿರುಗಿದಳು.

ಒಂದರ ಹಿಂದೆ ಒಂದು, ಏಳೂ ಬೇಲಿಯೊಳಗೆ ಹೋದವು. ಮೇಷ್ಟ್ರು ಗೇಟು ಹಾಕಿದರು. ಗಿರಣಿಯಕ್ಕ ಕಣ್ಣೊರೆಸಿಕೊಂಡು, “ಆಯ್ತು ಬಿಡಪ್ಪ, ಹೋದವು, ಕೈ ತೆಗಿ” ಎಂದಳು.

ಅಣ್ಣ ತೆಗೆಯಲಿಲ್ಲ. ನಾನೂ ತೆಗೆಸಲಿಲ್ಲ.